ಸೂಜಿ ಕೆಳಗಿಟ್ಟ ಶಾಂತಕ್ಕ

(ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಧಾರವಾಡದ ಕಡೆಯವರು, ವಯಸ್ಸು 71. ಶಾಂತಕ್ಕ ಎಂದಿಟ್ಟುಕೊಳ್ಳೋಣ. ಆಪ್ತಸಮಾಲೋಚನೆಗೆಂದು ಮಗಳು ನನ್ನ ಹತ್ತಿರ ಕರೆದುಕೊಂಡು ಬಂದಿದ್ದು ಜನವರಿಯಲ್ಲಿ. "ಅವ್ವ ಕಸೂತಿ ಮುಟ್ಟಿ ತಿಂಗಳಾತ್ರಿ. ಕೌದಿ ಹೊಚಗೊಂಡು ಮಲಗಿದ್ರ ಹತ್ತಾದ್ರೂ ಏಳೂದಿಲ್ಲ. ಎಳ್ಳ ಅಮಾಸಿಗೆ ಹೊಲಕ್ಕೂ ಬರಲಿಲ್ಲ."

ಶಾಂತಕ್ಕ ಕೈ ಚಾಚಿದರು. "ನೋಡ್ರಿ, ಮುಂಜಾನೆ ಬೆರಳು ಮಡಚೂದಿಲ್ಲ. ಎಳಿ ಎಣಸಾಕ ಕಣ್ಣ ಕಾಣವಲ್ವು. ಮುಗೀತಿನ್ನ."

ಮೊದಲ ದಿನವೇ ನಾನೊಂದು ತಪ್ಪು ಮಾಡಿದೆ. "ಟೈಂಪಾಸ್‌ಗಾದರೂ ಸ್ವಲ್ಪ ಹಾಕಿ" ಅಂದುಬಿಟ್ಟೆ. ಅವರ ಮುಖ ಬಿಗಿಯಿತು. ಹತ್ತು ವರ್ಷದವರಿದ್ದಾಗಿಂದ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ ಮೂಡಿಸಿದ ಕೈ ಅದು. ಅವರಿಗೆ ಹೇಳುವ ಮಾತಾ ಅದು?

ಮುದುಕರ ಬೇಸರಕ್ಕೆಲ್ಲ ಮನಸ್ಸೇ ಕಾರಣ ಎಂದುಕೊಳ್ಳುವುದು ನಮ್ಮ ವೃತ್ತಿಯವರ ಕೆಟ್ಟ ಚಾಳಿ. ಹಾಗಾಗಿ ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಥೈರಾಯ್ಡ್, ಬಿ12 ಸರಿಯಿತ್ತು. ಕಣ್ಣಿಗೆ ಪೊರೆ ಬಂದಿತ್ತು. ವೃದ್ಧರ ಖಿನ್ನತೆ ಅಳೆಯುವ 15 ಪ್ರಶ್ನೆಗಳ ಪಟ್ಟಿಯಲ್ಲಿ 7 ಬಂತು. 5 ದಾಟಿದರೆ ಇನ್ನಷ್ಟು ವಿಚಾರಿಸಬೇಕು. ಸಾಯಬೇಕು ಅನ್ನಿಸುತ್ತದಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು.

"ಮುಂದಿನ ಸಲ ಕಸೂತಿ ಚೀಲ ತನ್ನಿ, ನನಗೆ ಗವಂತಿ ಹೊಲಿಗೆ ಕಲಿಸಿ" ಎಂದೆ. ತಂದರು.

ಗವಂತಿಯಲ್ಲಿ ದಾರ ಒಂದು ಹೊಲಿಗೆ ಹಾಕಿ, ಅಷ್ಟೇ ಜಾಗ ಬಿಟ್ಟು ಹೋಗುತ್ತದೆ. ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಪೆನ್ಸಿಲ್ ಗೆರೆ ಇಲ್ಲ, ಎಳೆ ಎಣಿಕೆಯೇ ಎಲ್ಲ. ಗಂಟು ಹಾಕುವಂತಿಲ್ಲ. ಮುಗಿದ ಮೇಲೆ ಬಟ್ಟೆಯ ಎರಡೂ ಬದಿ ಒಂದೇ ಥರ.

"ಹೋಗೂದು ಹಗರ, ಬರೂದ ತ್ರಾಸು" ಎಂದರು. "ಹೋಗೂ ಮುಂದ ಒಂದ ಎಳಿ ತಪ್ಪಿದ್ರ ಗೊತ್ತಾಗೂದಿಲ್ಲ. ಬರೂ ಮುಂದ ಅದ ತೂತಿಗೇ ಬರಬೇಕಲ್ಲ, ಆವಾಗ ಸಿಗತೈತಿ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಮಗಳ ಬಿ.ಎಡ್. ಅರ್ಧಕ್ಕೆ ಬಿಡಿಸಿ ಮದುವೆ ಮಾಡಿದ್ದನ್ನು ಹೇಳಿದರು. 22 ವರ್ಷದ ಹಿಂದಿನ ಮಾತು. ಚಳಿಗಾಲದ ರಾತ್ರಿ ಉದ್ದ, ನಿದ್ದೆ ಕಡಿಮೆ, ತಲೆಯಲ್ಲಿ ಅದೇ. "ಅರಿವಿ ಆಗಿದ್ರ ಬಿಚ್ಚತಿದ್ದೆ."

ನನ್ನಲ್ಲಿ ಉತ್ತರ ಇರಲಿಲ್ಲ. ವಯಸ್ಸಾದವರು ಹಳೆಯದನ್ನು ತಿರುವಿಹಾಕುವುದು ಅರಳುಮರಳಲ್ಲ, ಸಹಜ ಎಂದು ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದಿದ್ದರು. ಆದರೆ ಒಬ್ಬರೇ ಕತ್ತಲಲ್ಲಿ ಕೂತು ತಿರುವಿಹಾಕಿದರೆ ಕೊರಗು ಜಾಸ್ತಿ ಆಗಬಹುದು. ಕೇಳುವವರು ಬೇಕು. ನಾನಲ್ಲ, ಮಗಳು.

ಶಾಂತಕ್ಕನಿಗೆ ಹೇಳಿದ್ದು: ಬೆಳಗ್ಗೆ ಸೂಜಿ ಬೇಡ. ಬೆಚ್ಚಗಿನ ನೀರಲ್ಲಿ ಕೈ ಅದ್ದಿ, ಹನ್ನೊಂದರ ಬಿಸಿಲಿಗೆ ಕಟ್ಟೆಯ ಮೇಲೆ ಕೂತು 20 ನಿಮಿಷ ಹಾಕಿ, ಸಾಕು. ಪೊರೆ ತೆಗೆಸುವ ತನಕ ಸೀರೆ ಪಕ್ಕಕ್ಕಿಡಿ, ಎಳೆ ದಪ್ಪ ಇರುವ ಮ್ಯಾಟಿ ಬಟ್ಟೆ ಹಿಡಿಯಿರಿ. "ಅದು ಕಲಿಯೂ ಹುಡಿಗ್ಯಾರ ಬಟ್ಟಿ" ಎಂದು ಮೂತಿ ತಿರುವಿದರು.

ಮಗಳಿಗೆ ಹೇಳಿದ್ದು: "ಆರಾಮ ಮಲಕೊ" ಎನ್ನುವುದು ಬಿಡಿ, ಪಕ್ಕ ಕೂತು ಎಳೆ ಎಣಿಸಿಕೊಡಿ. ಬಿ.ಎಡ್. ಮಾತು ಅವರೇ ತೆಗೆದರೆ "ಹೋಗ್ಲಿ ಬಿಡವ್ವ" ಎಂದು ಬಾಯಿ ಮುಚ್ಚಿಸಬೇಡಿ. ನಿಮಗೂ ಸಿಟ್ಟಿದ್ದರೆ ಅದನ್ನೂ ಹೇಳಿ. ಎರಡು ವಾರದಲ್ಲಿ ಊಟ, ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರಿಗೆ ತೋರಿಸೋಣ. ರಾತ್ರಿ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮಗಳು ಸಿಟ್ಟು ಹೇಳಿಯೇಬಿಟ್ಟಳಂತೆ. ಎರಡು ದಿನ ಮಾತಿಲ್ಲ. ಮೂರನೇ ದಿನ ತಾನೇ ಮ್ಯಾಟಿ ಬಟ್ಟೆ ಹಿಡಿದುಕೊಂಡು ಕಟ್ಟೆಗೆ ಬಂದಳಂತೆ. ಮಾರ್ಚ್‌ನಲ್ಲಿ ಪೊರೆ ತೆಗೆಸಿದರು. ಪಟ್ಟಿಯಲ್ಲಿ ಈಗ 4. ಬೆರಳು ಮಾತ್ರ ಮುಂಜಾನೆ ಇನ್ನೂ ಮಡಚುವುದಿಲ್ಲ.

ಕೊನೆಯ ಭೇಟಿಯಲ್ಲಿ ನಾನು ಹಾಕಿದ ಗವಂತಿ ತೋರಿಸಿದೆ. ತಿರುಗಿಸಿ ನೋಡಿ, "ಗಂಟ ಹಾಕೀರಿ" ಎಂದು ಅಷ್ಟೂ ಬಿಚ್ಚಿಸಿದರು.