ಸ್ಪ್ಯಾನಿಷ್‌ನ ‘ಸ್ವೆನ್ಯೊ’ ಎಂದರೆ ನಿದ್ದೆಯೋ, ಕನಸೋ?

ಎರಡೂ ಹೌದು. ಲ್ಯಾಟಿನ್‌ನಲ್ಲಿ ನಿದ್ದೆಗೆ ‘ಸೊಮ್ನುಸ್’, ಕನಸಿಗೆ ‘ಸೊಮ್ನಿಯುಂ’ ಎಂಬ ಬೇರೆ ಬೇರೆ ಪದಗಳಿದ್ದವು. ಕಾಲಕ್ರಮದ ಉಚ್ಚಾರಣಾ ಬದಲಾವಣೆಗಳಿಂದ ಇವೆರಡೂ ಸ್ಪ್ಯಾನಿಷ್‌ನಲ್ಲಿ ‘ಸ್ವೆನ್ಯೊ’ ಎಂಬ ಒಂದೇ ರೂಪವನ್ನು ತಳೆದವು. ಆದ್ದರಿಂದ ಅರ್ಥವನ್ನು ಸುತ್ತಲಿನ ಪದಗಳಿಂದಲೇ ತಿಳಿಯಬೇಕು. ‘ತೆಂಗೊ ಸ್ವೆನ್ಯೊ’ ಎಂದರೆ ‘ನನಗೆ ನಿದ್ದೆ ಬರುತ್ತಿದೆ’. ನಡುವೆ ‘ಒಂದು’ ಎಂಬರ್ಥದ ‘ಉನ್’ ಸೇರಿಸಿ ‘ತೆಂಗೊ ಉನ್ ಸ್ವೆನ್ಯೊ’ ಎಂದರೆ, ಸಾಮಾನ್ಯವಾಗಿ, ‘ನನಗೊಂದು ಕನಸಿದೆ’, ಅಂದರೆ ಬಾಳಿನಲ್ಲಿ ಏನನ್ನೋ ಸಾಧಿಸುವ ಹಂಬಲವಿದೆ ಎಂದಾಗುತ್ತದೆ. ಕಲಿಯುವವರು ಈ ಪುಟ್ಟ ‘ಉನ್’ ಅನ್ನು ಖಂಡಿತ ಕಡೆಗಣಿಸಬಾರದು. ಬಹುವಚನದ ‘ಸ್ವೆನ್ಯೊಸ್’ ಕಂಡರೆ ಬಹುಮಟ್ಟಿಗೆ ಕನಸುಗಳೆಂದೇ ಓದಬಹುದು. ಕ್ರಿಯಾಪದಗಳಲ್ಲಿ ಈ ಗೊಂದಲವೇ ಇಲ್ಲ: ನಿದ್ರಿಸುವುದು ‘ದೊರ್ಮಿರ್’, ಕನಸು ಕಾಣುವುದು ‘ಸೊನ್ಯಾರ್’.