ಎಡ್ಮಂಟನ್ ಆಯಿಲರ್ಸ್ ತಂಡ ಹಾಲೋವೇ, ಬ್ರೋಬರ್ಗ್ ಇಬ್ಬರನ್ನೂ ಬಿಟ್ಟುಕೊಟ್ಟಿದ್ದು ಸರಿಯೇ?

ನೀವು ಕೇಳಿರುವುದು 2024ರ ಆಗಸ್ಟ್‌ನ ಆ ಒಂದು ವಾರದ ಬಗ್ಗೆ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಸೇಂಟ್ ಲೂಯಿಸ್ ಬ್ಲೂಸ್ ತಂಡ ನಮ್ಮ ಇಬ್ಬರು ಯುವ ಆಟಗಾರರಿಗೆ ಬೆಲೆ ಕಟ್ಟಿತು, ಎಡ್ಮಂಟನ್ ಇಬ್ಬರನ್ನೂ ಹೋಗಲು ಬಿಟ್ಟಿತು. ಆಯಿಲರ್ಸ್ ಅಭಿಮಾನಿಯಾಗಿ ಹೇಳುವುದಾದರೆ, ಡಿಫೆನ್ಸ್ ಆಟಗಾರ ಫಿಲಿಪ್ ಬ್ರೋಬರ್ಗ್ ಅವರನ್ನು ಬಿಟ್ಟದ್ದನ್ನು ಹೇಗೋ ಒಪ್ಪಬಹುದು. ವಿಂಗರ್ (ಬದಿಯಿಂದ ದಾಳಿ ಮಾಡುವ ಆಟಗಾರ) ಡಿಲನ್ ಹಾಲೋವೇ ಅವರನ್ನು ಬಿಟ್ಟದ್ದನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಆದರೆ ಆ ವಾರ ಬರುವಷ್ಟರಲ್ಲಿ ಆಡಳಿತದ ಕೈ ಕಟ್ಟಿಹೋಗಿತ್ತು. ಕಟ್ಟಿಕೊಂಡದ್ದು ತಾವೇ, ಜುಲೈ 1ರಂದು.

ನಿಯಮ ಗೊತ್ತಿಲ್ಲದವರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ಎನ್‌ಎಚ್‌ಎಲ್‌ನಲ್ಲಿ ಎಲ್ಲ ತಂಡಗಳಿಗೂ ಒಂದೇ ವೇತನ ಮಿತಿ. 2024–25ರ ಋತುವಿಗೆ ಅದು 8.8 ಕೋಟಿ ಡಾಲರ್ ಇತ್ತು. ಎಳೆಯ ಆಟಗಾರನ ಒಪ್ಪಂದ ಮುಗಿದರೂ ಹಳೆಯ ತಂಡಕ್ಕೆ ಅವನ ಮೇಲೆ ಹಕ್ಕು ಉಳಿದಿರುತ್ತದೆ. ಬೇರೆ ತಂಡವೊಂದು ಅವನಿಗೆ ಆಫರ್ ಶೀಟ್ ಕೊಟ್ಟು ಅವನು ಸಹಿ ಹಾಕಿದರೆ, ಹಳೆಯ ತಂಡಕ್ಕೆ ಏಳು ದಿನಗಳ ಗಡುವು. ಅಷ್ಟೇ ಹಣ ಕೊಟ್ಟು ಉಳಿಸಿಕೊಳ್ಳಬೇಕು, ಇಲ್ಲವೇ ಪರಿಹಾರವಾಗಿ ಡ್ರಾಫ್ಟ್ ಆಯ್ಕೆಗಳನ್ನು (ಹೊಸ ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕುಗಳನ್ನು) ಪಡೆದು ಬಿಟ್ಟುಕೊಡಬೇಕು. ಐಪಿಎಲ್ ಹರಾಜಿನಲ್ಲಿ ಆರ್‌ಟಿಎಂ ಕಾರ್ಡ್ ಬಳಸುವುದನ್ನು ನೋಡಿದವರಿಗೆ ಇದರ ಗುಟ್ಟು ತಟ್ಟನೆ ಹೊಳೆಯುತ್ತದೆ.

ಬ್ಲೂಸ್ ಕೊಟ್ಟ ಮೊತ್ತಗಳನ್ನು ನೋಡಿ. ಬ್ರೋಬರ್ಗ್‌ಗೆ ವರ್ಷಕ್ಕೆ 45,80,917 ಡಾಲರ್, ಹಾಲೋವೇಗೆ 22,90,457 ಡಾಲರ್, ಇಬ್ಬರಿಗೂ ಎರಡು ವರ್ಷ. ಈ ಚಿಲ್ಲರೆ ಅಂಕಿಗಳ ಹಿಂದೆ ಪಕ್ಕಾ ಲೆಕ್ಕವಿದೆ. ಪರಿಹಾರ ಎಷ್ಟೆಂಬುದು ಸಂಬಳದ ಹಂತದ ಮೇಲೆ ನಿಂತಿದೆ. ಬ್ರೋಬರ್ಗ್‌ಗೆ ಒಂದೇ ಒಂದು ಡಾಲರ್ ಹೆಚ್ಚು ಕೊಟ್ಟಿದ್ದರೂ ಬ್ಲೂಸ್ ಮೊದಲ ಸುತ್ತಿನ ಆಯ್ಕೆಯನ್ನು ಕಳೆದುಕೊಳ್ಳಬೇಕಾಗುತ್ತಿತ್ತು; ಆ ಗೆರೆಯಲ್ಲೇ ನಿಂತದ್ದರಿಂದ ಎರಡನೇ ಸುತ್ತಿನ ಆಯ್ಕೆಗೆ ಮುಗಿಯಿತು. ಹಾಲೋವೇಗೆ ಮೂರನೇ ಸುತ್ತಿನದು ಸಾಕಾಯಿತು. ಪರಿಹಾರ ಕೊಡಲು ತಂಡದ ಸ್ವಂತ ಆಯ್ಕೆಗಳೇ ಬೇಕು ಎಂಬ ನಿಯಮವಿರುವುದರಿಂದ, ಹಿಂದೆ ಪಿಟ್ಸ್‌ಬರ್ಗ್‌ಗೆ ಕೊಟ್ಟಿದ್ದ ತಮ್ಮ ಎರಡನೇ ಸುತ್ತಿನ ಆಯ್ಕೆಯನ್ನು ಬ್ಲೂಸ್ ಮೊದಲೇ ವಾಪಸು ತರಿಸಿಕೊಂಡಿತ್ತು. ಎದುರಾಳಿಯ ಕೆಲಸವಾದರೂ ಮೆಚ್ಚಲೇಬೇಕು. ಇದನ್ನು ಮೋಸ ಎಂದು ಕರೆಯುವ ನಮ್ಮವರು 2007ನ್ನು ನೆನಪಿಸಿಕೊಳ್ಳಲಿ. ಅಂದು ಅನಹೈಮ್ ತಂಡದಿಂದ ಡಸ್ಟಿನ್ ಪೆನ್ನರ್ ಅವರನ್ನು ಇದೇ ದಾರಿಯಲ್ಲಿ ಕರೆತಂದದ್ದು ಎಡ್ಮಂಟನ್.

ಈಗ ಜುಲೈ 1ಕ್ಕೆ ಬರೋಣ. ಅದಕ್ಕೆ ಸರಿಯಾಗಿ ಒಂದು ವಾರ ಮೊದಲು, ಜೂನ್ 24ರಂದು, ಲೀಗ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಫೈನಲ್‌ನ ಏಳನೇ ಪಂದ್ಯದಲ್ಲಿ ಫ್ಲೋರಿಡಾ ಎದುರು 2–1ರಿಂದ ಸೋತಿದ್ದೆವು. ಮೂರು ಪಂದ್ಯ ಸೋತು, ಮೂರು ಗೆದ್ದು, ಕೊನೆಯದರಲ್ಲಿ ಒಂದು ಗೋಲಿನಿಂದ ಕಪ್ ಕೈತಪ್ಪಿತ್ತು. ಪ್ರಧಾನ ವ್ಯವಸ್ಥಾಪಕ ಕೆನ್ ಹಾಲಂಡ್ ಹೊರನಡೆದಿದ್ದರು, ಜೆಫ್ ಜಾಕ್ಸನ್ ತಾತ್ಕಾಲಿಕವಾಗಿ ಚುಕ್ಕಾಣಿ ಹಿಡಿದಿದ್ದರು. ಒಪ್ಪಂದ ಮುಗಿದ ಆಟಗಾರರ ಮಾರುಕಟ್ಟೆ ತೆರೆದ ಆ ಜುಲೈ 1ರಂದೇ ಜೆಫ್ ಸ್ಕಿನ್ನರ್‌ಗೆ ಒಂದು ವರ್ಷಕ್ಕೆ 30 ಲಕ್ಷ ಡಾಲರ್, ವಿಕ್ಟರ್ ಅರ್ವಿಡ್ಸನ್‌ಗೆ ಎರಡು ವರ್ಷ, ವರ್ಷಕ್ಕೆ 40 ಲಕ್ಷ. ಹೆನ್ರಿಕ್, ಯಾನ್‌ಮಾರ್ಕ್, ಪೆರ್ರಿ, ಬ್ರೌನ್ ಕೂಡ ಉಳಿದುಕೊಂಡರು. ಹಳೆಯ ತಪ್ಪು ಒಪ್ಪಂದಗಳ ಭಾರ ಬೇರೆ. ಗೋಲ್‌ಕೀಪರ್ ಜಾಕ್ ಕ್ಯಾಂಪ್‌ಬೆಲ್ ಅವರ ಒಪ್ಪಂದವನ್ನು ಅದೇ ಬೇಸಿಗೆಯಲ್ಲಿ ಹಣ ಕೊಟ್ಟು ಮುರಿಯಲಾಗಿತ್ತು, 2021ರಲ್ಲಿ ಮುರಿದ ಜೇಮ್ಸ್ ನೀಲ್ ಅವರದ್ದೂ ಇನ್ನೂ ವೇತನ ಮಿತಿಯ ಲೆಕ್ಕದಲ್ಲಿತ್ತು. ಊರೆಲ್ಲ ಈ ಖರೀದಿಗಳನ್ನು ಹೊಗಳಿತು. ಇಷ್ಟಾಗುವಾಗ ಹಾಲೋವೇ, ಬ್ರೋಬರ್ಗ್ ಇಬ್ಬರಿಗೂ ಒಪ್ಪಂದವೇ ಆಗಿರಲಿಲ್ಲ. ಎಲ್ಲಿ ಹೋಗುತ್ತಾರೆ, ಕೊನೆಯಲ್ಲಿ ನೋಡಿಕೊಳ್ಳೋಣ ಎಂಬ ಧೋರಣೆ.

ಸ್ಕಿನ್ನರ್ ಮತ್ತು ಅರ್ವಿಡ್ಸನ್ ಇಬ್ಬರದ್ದೂ ಸೇರಿ 70 ಲಕ್ಷ. ಬ್ಲೂಸ್ ಕೊಟ್ಟದ್ದು ಇಬ್ಬರಿಗೂ ಸೇರಿ 68 ಲಕ್ಷ 71 ಸಾವಿರ. ಮೂವತ್ತು ದಾಟಿದ ಇಬ್ಬರಿಗಾಗಿ, ಇಪ್ಪತ್ತರ ಆಸುಪಾಸಿನ ಇಬ್ಬರ ಜಾಗವನ್ನು ಹೆಚ್ಚುಕಡಿಮೆ ಅದೇ ಬೆಲೆಗೆ ತೆತ್ತಂತಾಯಿತು. ಮುಂದಿನ ಋತುವಿನಲ್ಲಿ ಹಾಲೋವೇ ಬ್ಲೂಸ್‌ಗಾಗಿ 26 ಗೋಲು, 63 ಅಂಕ (ಗೋಲು ಮತ್ತು ಗೋಲಿಗೆ ನೆರವು ಸೇರಿ) ಗಳಿಸಿದರು. ನಮ್ಮಲ್ಲಿ ಸ್ಕಿನ್ನರ್ 29 ಅಂಕ, ಅರ್ವಿಡ್ಸನ್ 27 ಅಂಕ.

ಆಡಳಿತದ ಪರವಾಗಿಯೂ ಮಾತಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 2023–24ರಲ್ಲಿ ಬ್ರೋಬರ್ಗ್ ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಬರೀ 12 ಪಂದ್ಯ. ಉಳಿದಂತೆ ಬೇಕರ್ಸ್‌ಫೀಲ್ಡ್‌ನ ಕೆಳಹಂತದ ತಂಡದಲ್ಲಿದ್ದರು. ಅಂಥವರಿಗೆ ವರ್ಷಕ್ಕೆ 45 ಲಕ್ಷ ಎಂದರೆ ಯಾರಾದರೂ ಹಿಂದೆಮುಂದೆ ನೋಡುತ್ತಾರೆ. ನಮ್ಮ ತಾರೆ ಲಿಯಾನ್ ಡ್ರೈಸೈಟ್ಲ್ ಅವರ ದೊಡ್ಡ ಒಪ್ಪಂದ ಹೊಸ್ತಿಲಲ್ಲೇ ಇತ್ತು. ಸೆಪ್ಟೆಂಬರ್ 3ರಂದು ಎಂಟು ವರ್ಷ, ವರ್ಷಕ್ಕೆ 1.4 ಕೋಟಿಗೆ ಸಹಿಯಾಯಿತು. ಜುಲೈ 24ರಂದಷ್ಟೇ ಬಂದಿದ್ದ ಹೊಸ ಪ್ರಧಾನ ವ್ಯವಸ್ಥಾಪಕ ಸ್ಟ್ಯಾನ್ ಬೋಮನ್ ಅವರ ಮೇಜಿಗೆ ಬೇರೆಯವರು ಮಾಡಿದ ಸಾಲ ಬಂದು ಬಿದ್ದಂತಾಗಿತ್ತು.

ಆದರೆ ಹಾಲೋವೇ ವಿಷಯದಲ್ಲಿ ಈ ಯಾವ ವಾದವೂ ನಿಲ್ಲುವುದಿಲ್ಲ. 2020ರ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿನ 14ನೆಯವರಾಗಿ ಆರಿಸಿಕೊಂಡ ಹುಡುಗ. 2024ರ ಪ್ಲೇಆಫ್‌ನಲ್ಲಿ ಐದು ಗೋಲು ಹೊಡೆದವರು. ಫೈನಲ್‌ನಲ್ಲಿ 0–3ರಿಂದ ಹಿಂದಿದ್ದಾಗ ನಾವು 8–1ರಿಂದ ಗೆದ್ದ ನಾಲ್ಕನೇ ಪಂದ್ಯದಲ್ಲಿ ಅವರದ್ದೇ ಎರಡು ಗೋಲು. ಪಕ್ (ಆಟದ ಬಿಲ್ಲೆ) ಎದುರಾಳಿಯ ಮೂಲೆಗೆ ಹೋದರೆ ಮೊದಲು ತಲುಪುವವರು ಅವರು. ಡಿಫೆನ್ಸ್ ಆಟಗಾರ ತಿರುಗಿ ನೋಡುವಷ್ಟರಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತಿರುತ್ತಿದ್ದರು. ಕಪ್‌ಗಾಗಿ ಆಡುವ ತಂಡ 23 ಲಕ್ಷಕ್ಕೆ ಇಂಥ ವೇಗವನ್ನು ಎಲ್ಲಿ ಕೊಳ್ಳಲು ಸಾಧ್ಯ? ಮಿತಿಯೊಳಗೆ ಜಾಗ ಸಾಲದಿದ್ದರೆ ಇನ್ನೊಬ್ಬರನ್ನು ಮಾರಿ ಜಾಗ ಮಾಡಬೇಕಿತ್ತು. ಕೋಡಿ ಸೀಸಿ ಅವರನ್ನು ಸ್ಯಾನ್ ಹೋಸೆಗೆ ಕಳಿಸಿ ಆಗಸ್ಟ್ 18ರಂದು ಮಾಡಿದ್ದೂ ಅದನ್ನೇ. ಅಷ್ಟು ಮಾಡಿದವರು ಇನ್ನೊಂದು ಹೆಜ್ಜೆ ಇಡಲಿಲ್ಲ.

2025ರಲ್ಲಿ ಮತ್ತೆ ಫೈನಲ್ ತಲುಪಿದೆವಲ್ಲ, ನಷ್ಟವೇನಾಯಿತು ಎಂದು ಕೆಲವರು ಕೇಳುತ್ತಾರೆ. ಮತ್ತೆ ಫ್ಲೋರಿಡಾಕ್ಕೇ ಆರು ಪಂದ್ಯಗಳಲ್ಲಿ ಸೋತೆವು. ಡಲ್ಲಾಸ್ ಎದುರಿನ ಸರಣಿಯಲ್ಲಿ ಝ್ಯಾಕ್ ಹೈಮನ್ ಮಣಿಕಟ್ಟಿನ ಗಾಯದಿಂದ ಹೊರಗುಳಿದಾಗ, ಅವರ ಜಾಗಕ್ಕೆ ಓಡಿಬಂದು ನಿಲ್ಲಬಲ್ಲ ವಿಂಗರ್ ನಮ್ಮಲ್ಲಿರಲಿಲ್ಲ. ಜುಲೈನ ದೊಡ್ಡ ಖರೀದಿ ಎನಿಸಿದ್ದ ಸ್ಕಿನ್ನರ್ ಆ ಪ್ಲೇಆಫ್‌ನ ಬಹುಪಾಲು ಪಂದ್ಯಗಳಲ್ಲಿ ಬೆಂಚಿನಲ್ಲೂ ಇರಲಿಲ್ಲ.

2025ರ ಅಕ್ಟೋಬರ್‌ನಲ್ಲಿ ಕಾನರ್ ಮೆಕ್‌ಡೇವಿಡ್ ಹಳೆಯ ಸಂಬಳಕ್ಕೇ, ವರ್ಷಕ್ಕೆ 1.25 ಕೋಟಿಗೆ, ಎರಡೇ ವರ್ಷಗಳ ಒಪ್ಪಂದಕ್ಕೆ ಒಪ್ಪಿದರು. ಜಗತ್ತಿನ ಅತ್ಯುತ್ತಮ ಆಟಗಾರ ತನ್ನ ಪಾಲಿನ ಕೋಟಿಗಳನ್ನು ತಂಡಕ್ಕೆ ಬಿಟ್ಟುಕೊಟ್ಟಿದ್ದಾರೆ. ಆ ಹಣ ಮತ್ತೆ ಜುಲೈ 1ರ ಸಂತೆಯಲ್ಲಿ ಕರಗಿದರೆ ನನಗೆ ತಡೆದುಕೊಳ್ಳಲಾಗದು. ಒಂದು ಸಮಾಧಾನವೆಂದರೆ, ಈ ಬಾರಿ ಬೋಮನ್, ಆಟಗಾರನ ಒಪ್ಪಂದ ಮುಗಿಯುವ ತನಕ ಕಾಯಲಿಲ್ಲ. ಆಫರ್ ಶೀಟ್‌ಗಳ ಅದೇ ವಾರದಲ್ಲಿ ವ್ಯಾಂಕೂವರ್‌ನಿಂದ ನಾಲ್ಕನೇ ಸುತ್ತಿನ ಆಯ್ಕೆಗೆ ತಂದಿದ್ದ ವಾಸಿಲಿ ಪೊಡ್ಕೊಲ್ಜಿನ್‌ಗೆ ಮೂರು ವರ್ಷ, ವರ್ಷಕ್ಕೆ 29.5 ಲಕ್ಷ ಎಂದು ಒಂದು ಋತು ಮೊದಲೇ ಮುಗಿಸಿದರು. ಹಾಲೋವೇಗೆ ಮಾಡಬೇಕಿದ್ದದ್ದು ಇದನ್ನೇ. ಡಿಫೆನ್ಸ್ ಆಟಗಾರ ಜೇಕ್ ವಾಲ್ಮನ್‌ಗೆ ಮಾತ್ರ ಏಳು ವರ್ಷ, ವರ್ಷಕ್ಕೆ 70 ಲಕ್ಷ ಕೊಟ್ಟದ್ದು ನನಗೆ ಹಿಡಿಸಿಲ್ಲ. ಒಪ್ಪಂದ ಜಾರಿಗೆ ಬರುವಾಗಲೇ ಅವರಿಗೆ ಮೂವತ್ತು. ನನ್ನ ಕೈಯಲ್ಲಿದ್ದಿದ್ದರೆ ನಾಲ್ಕು ವರ್ಷಕ್ಕೆ ನಿಲ್ಲಿಸುತ್ತಿದ್ದೆ.