ಅಪ್ಪನಿಗೆ 70. ಇರೋದು ಎರಡು ಎಕರೆ ಅಡಿಕೆ ತೋಟ, ಮಕ್ಕಳಲ್ಲಿ ಜಗಳವೂ ಇಲ್ಲ. ವಿಲ್ ಬರೆಸಲೇಬೇಕಾ?

ನಮ್ಮ ಮನೆಯಲ್ಲೂ ಜಗಳ ಇರಲಿಲ್ಲ. ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಪ್ಪ ಸ್ವಂತ ದುಡಿದು ಕೊಂಡ ಎರಡೇ ಎಕರೆ ತೋಟ. ಗಂಡ ತೀರಿಕೊಂಡ ಮೇಲೆ ತಂಗಿ ತವರಿಗೆ ಬಂದಿದ್ದಳು. ಔಷಧಿ ಹೊಡೆಸೋದು, ಅಡಿಕೆ ಗೊನೆ ಕೊಯ್ಲು, ಸುಲಿಯುವವರ ಲೆಕ್ಕ, ಎಲ್ಲ ಅವಳದೇ. ತೋಟ ಅವಳಿಗೇ ಅಂತ ಅಪ್ಪ ಎಲ್ಲರ ಎದುರೇ ಹೇಳುತ್ತಿದ್ದರು. ಅಣ್ಣನೂ ಹೂಂ ಅಂದಿದ್ದ.

ಒಂದು ಮಳೆಗಾಲದ ಸಂಜೆ ಅಪ್ಪ ತಾವೇ ಕೂತು ವಿಲ್ ಬರೆದು ಸಹಿ ಹಾಕಿದರು. ಪಕ್ಕದ ಮನೆಯವರು ಸಾಕ್ಷಿ ಹಾಕಿದರು. ಎರಡನೇ ಸಾಕ್ಷಿ? ಮಾರನೇ ದಿನ ಮಳೆ ಬಿಟ್ಟಿತ್ತು. "ಕೊಳೆ ರೋಗಕ್ಕೆ ಔಷಧಿ ಹೊಡೆದು ಮುಗೀಲಿ, ಆಮೇಲೆ ಯಾರ ಹತ್ರಾದ್ರೂ ಹಾಕಿಸಿದರಾಯ್ತು" ಅಂದವನು ನಾನೇ. ಒಂಬತ್ತೇ ದಿನಕ್ಕೆ ಅಪ್ಪ ಹೋದರು.

ಅಪ್ಪನದೇ ಅಕ್ಷರ, ಅಪ್ಪನದೇ ಸಹಿ, ಇನ್ನೇನು ಬೇಕು ಅಂದುಕೊಂಡಿದ್ದೆ. ಸಾಲದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿ ಬೇಕು. ವಿಲ್ ಬರೆದವರು ಸಹಿ ಹಾಕಿದ್ದನ್ನು ಸಾಕ್ಷಿಗಳು ಕಣ್ಣಾರೆ ನೋಡಿರಬೇಕು, ಇಲ್ಲವೇ "ಇದು ನನ್ನ ಸಹಿ" ಅಂತ ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ವಿಲ್ ಬರೆದವರ ಎದುರೇ ಸಾಕ್ಷಿಗಳೂ ಸಹಿ ಹಾಕಬೇಕು. ಇಬ್ಬರೂ ಒಂದೇ ಹೊತ್ತಿಗೆ ಬರಬೇಕೆಂದೂ ಇಲ್ಲ. ಸ್ಟ್ಯಾಂಪ್ ಪೇಪರ್ ಬೇಡ, ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ. ನಾವು ಸುಮ್ನೆ ಸ್ಟ್ಯಾಂಪ್ ಪೇಪರ್ ಬೇಕಾ ಬೇಡ್ವಾ ಅಂತ ತಲೆ ಕೆಡಿಸಿಕೊಂಡು ಕೂತಿದ್ದೆವು!

ತಿಥಿ ಮುಗಿದ ಮೇಲೆ ನೆಂಟರೊಬ್ಬರು ಹಿಂದಿನ ತಾರೀಖು ಹಾಕಿ ಸಹಿ ಮಾಡ್ತೀನಿ ಅಂದರು. ಶಿವಮೊಗ್ಗದ ವಕೀಲರು ನಮ್ಮನ್ನೆಲ್ಲ ಬೈದು ಕಳಿಸಿದರು. ವಿಲ್ ನಿಲ್ಲಲ್ಲ ಅಂದಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಗತಿ. ಅಮ್ಮ, ಅಣ್ಣ, ನಾನು, ತಂಗಿ, ನಾಲ್ಕು ಸಮಪಾಲು. ಅಮ್ಮ, ನಾನು ತಂಗಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟೆವು. ಅಣ್ಣ ಕೊಡಲಿಲ್ಲ. ಬೆಂಗಳೂರಲ್ಲಿ ಮನೆ ಸಾಲ ಇತ್ತು, ಪಾಪ. ಬಾವಿ ಇರುವ 20 ಗುಂಟೆ ಅವನ ಪಾಲಿಗೆ ಬಂತು.

ಹಾಗಾಗಿ "ಜಗಳ ಇಲ್ಲ" ಅನ್ನೋದನ್ನು ಲೆಕ್ಕಕ್ಕೇ ಇಡಬೇಡಿ. ಅಪ್ಪ ಇದ್ದಾರೆ, ಅದಕ್ಕೇ ಜಗಳ ಇಲ್ಲ. ಇರೋದು ಎರಡೇ ಎಕರೆ ಅಂದರೆ ವಿಲ್ ಇನ್ನೂ ಜಾಸ್ತಿ ಬೇಕು, ಹರಿದು ಹಂಚಿದರೆ ಯಾರ ಹೊಟ್ಟೆಗೂ ಸಾಲದು. ಪಿತ್ರಾರ್ಜಿತ ಆಗಿದ್ದರೆ ಅಪ್ಪ ತಮ್ಮ ಪಾಲಿಗೆ ಮಾತ್ರ ಬರೆಯಬಹುದು, ಅದನ್ನು ಮೊದಲು ವಕೀಲರ ಹತ್ತಿರ ಕೇಳಿ. ಸಾಕ್ಷಿಗೆ ಅಪ್ಪನ ವಯಸ್ಸಿನವರು ಬೇಡ, ನಾಳೆ ಕೋರ್ಟಿಗೆ ಬಂದು ಹೇಳೋಕೆ ಒಬ್ಬರಾದರೂ ಇರಬೇಕಲ್ವಾ? ಅಪ್ಪ ಓಡಾಡುತ್ತಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಗೂ ಒಮ್ಮೆ ಕರೆದುಕೊಂಡು ಹೋಗಿ. ಕೊಯ್ಲು ಮುಗೀಲಿ ಅನ್ನಬೇಡಿ.

ಅಣ್ಣ ತನ್ನ ಪಾಲನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟಿದ್ದಾನೆ. ಈ ಬೇಸಿಗೆಯಲ್ಲಿ ತಂಗಿ ಆ ಚೇಣಿದಾರನನ್ನು ಕೇಳಿ ತೋಟಕ್ಕೆ ನೀರು ಬಿಡಿಸಿಕೊಂಡಳು.